ನಕ್ಷತ್ರಕ್ಕೆ ಹೊರಡುವವರು ಮೊದಲು ಬ್ರೇಕ್ ವಿಚಾರಿಸಿ

ಪ್ರಾಕ್ಸಿಮಾ ಸೆಂಟಾರಿಗೆ ಹೋಗಬೇಕು ಅನ್ನುವ ಆಸೆ ಇಟ್ಟುಕೊಂಡವರು ನನ್ನ ಹಾಗೆ ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋಗಿ ಬಂದವರು ಯಾರೂ ಇಲ್ಲದ ಊರು ಅದು. ಹಾಗಾಗಿ ಸದ್ಯಕ್ಕೆ ತಯಾರಿಯ ಅನುಭವವೇ ಪ್ರವಾಸದ ಅನುಭವ. ದೂರ 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. ಸೂರ್ಯನನ್ನು ಬಿಟ್ಟರೆ ನಮಗೆ ಇದಕ್ಕಿಂತ ಹತ್ತಿರದ ನಕ್ಷತ್ರ ಬೇರೆ ಇಲ್ಲ.

ತಯಾರಿಗೆ ಕೂತಾಗ ನನ್ನ ತಲೆ ಕೆಡಿಸಿದ್ದು ‘ಬರೀ ಇಪ್ಪತ್ತು ವರ್ಷದ ದಾರಿ’ ಅನ್ನುವ ಮಾತು. ಎಲ್ಲಿ ನೋಡಿದರೂ ಅದೇ. ಅದರ ಮೂಲ 2016ರಲ್ಲಿ ಪ್ರಕಟವಾದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆ. ಕೆಲವೇ ಗ್ರಾಂ ತೂಕದ ನೌಕೆಗೆ ತೆಳ್ಳನೆಯ ಹಾಯಿ ಕಟ್ಟಿ, ಭೂಮಿಯಿಂದ ಲೇಸರ್ ಹಾಯಿಸಿ ತಳ್ಳಿದರೆ ಬೆಳಕಿನ ವೇಗದ ಐದನೇ ಒಂದು ಭಾಗ ಮುಟ್ಟಬಹುದು ಅನ್ನುವುದು ಲೆಕ್ಕಾಚಾರ. ಮನುಷ್ಯರನ್ನು ಕೂರಿಸುವ ಮಾತು ಅದರಲ್ಲಿ ಇರಲೇ ಇಲ್ಲ, ಆ ಯೋಜನೆಯವರು ಅದನ್ನು ಮುಚ್ಚಿಟ್ಟವರೂ ಅಲ್ಲ. ಇಪ್ಪತ್ತು ವರ್ಷ ಅನ್ನುವುದನ್ನಷ್ಟೇ ಹೆಕ್ಕಿಕೊಂಡು ಹಂಚಿದವರ ಮೇಲೆ ನನಗೆ ಸಿಟ್ಟಿದೆ. ಏಕೆಂದರೆ ಆ ನೌಕೆ ಅಲ್ಲಿ ನಿಲ್ಲುವುದಿಲ್ಲ! ಸೆಕೆಂಡಿಗೆ 60 ಸಾವಿರ ಕಿಲೋಮೀಟರ್ ವೇಗದಲ್ಲಿ ಹಾದು ಹೋಗುತ್ತದೆ. ಭೂಮಿಗೂ ಚಂದ್ರನಿಗೂ ನಡುವೆ ಇರುವಷ್ಟು ದೂರ ಅದಕ್ಕೆ ಆರೂವರೆ ಸೆಕೆಂಡಿನ ಹಾದಿ. ಪ್ರಾಕ್ಸಿಮಾ ಬಿ ಗ್ರಹ ತನ್ನ ನಕ್ಷತ್ರದಿಂದ ಸುಮಾರು 70 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಆ ಅಂತರ ದಾಟಲು ಎರಡು ನಿಮಿಷ ಸಾಕು. ಇಪ್ಪತ್ತು ವರ್ಷ ಕೂತು ಹೋದವರಿಗೆ ಸಿಗುವ ದರ್ಶನ ಅಷ್ಟೇ.

ಇದು ಹಳೆಯ ಕಾಯಿಲೆ. 1970ರ ದಶಕದಲ್ಲಿ ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು ರೂಪಿಸಿದ ಡೀಡಲಸ್ ನೌಕೆಯೂ ಹೀಗೆಯೇ. ಬಾರ್ನಾರ್ಡ್ ನಕ್ಷತ್ರಕ್ಕೆ ಐವತ್ತು ವರ್ಷ, 50 ಸಾವಿರ ಟನ್ ಇಂಧನ, ಬ್ರೇಕ್ ಇಲ್ಲ. ಕಾರಣ ಸರಳ. ನಿಲ್ಲಿಸಲು ಬೇಕಾದ ಇಂಧನವನ್ನೂ ಹೊತ್ತುಕೊಂಡೇ ವೇಗ ಹಿಡಿಯಬೇಕು. ವೇಗ ಹಿಡಿಯುವುದಕ್ಕೆ ಮಾತ್ರವಾದರೆ ಹೊರಡುವಾಗಿನ ತೂಕ ಖಾಲಿ ನೌಕೆಯ ಹತ್ತು ಪಟ್ಟು ಸಾಕು ಅಂತಿಟ್ಟುಕೊಳ್ಳಿ. ನಿಲ್ಲಿಸಲೂ ಬೇಕೆಂದರೆ ಅದು ನೂರು ಪಟ್ಟಾಗುತ್ತದೆ. ಹಾಗಾಗಿ ಯಾರಾದರೂ ನಿಮಗೆ ವರ್ಷದ ಲೆಕ್ಕ ಹೇಳಿದರೆ, ಅದು ಇಳಿಸುವ ಗಾಡಿಯೋ ಬರೀ ತೋರಿಸಿಕೊಂಡು ಹೋಗುವ ಗಾಡಿಯೋ ಅಂತ ಮೊದಲು ಕೇಳಿ.

ಇನ್ನು ಈಗಾಗಲೇ ರಸ್ತೆಗಿಳಿದಿರುವ ಗಾಡಿಗಳು. 1977ರಲ್ಲಿ ಹೊರಟ ವಾಯೇಜರ್ 1 ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತದೆ. ಅದೇ ವೇಗದಲ್ಲಿ ಪ್ರಾಕ್ಸಿಮಾಗೆ ಸುಮಾರು 75 ಸಾವಿರ ವರ್ಷ, ಅದೂ ಆ ದಿಕ್ಕಿಗೆ ಹೊರಟಿದ್ದರೆ. ಸೂರ್ಯನ ಹತ್ತಿರಕ್ಕೆ ಹೋಗಿ ಅದನ್ನು ಪರೀಕ್ಷಿಸುವ ಪಾರ್ಕರ್ ನೌಕೆ 2024ರ ಡಿಸೆಂಬರ್‌ನಲ್ಲಿ ಸೆಕೆಂಡಿಗೆ 192 ಕಿಲೋಮೀಟರ್ ಮುಟ್ಟಿತು ಅಂತ ಖುಷಿಪಡಬೇಡಿ. ಸೂರ್ಯನ ಕಡೆಗೆ ಬೀಳುವಾಗ ಬಂದ ಇಳಿಜಾರಿನ ವೇಗ ಅದು.

ಗಾಡಿಯ ವೇಗದ ವಿಷಯ ಬಿಟ್ಟು ಒಳಗಿನ ಕೋಣೆಗೆ ಬರೋಣ. ನಿಜವಾದ ತೊಂದರೆ ಇರುವುದು ಅಲ್ಲಿ. 1991ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಎಂಟು ಜನ ಬಯೋಸ್ಫಿಯರ್ 2 ಅನ್ನುವ ಗಾಜಿನ ಮನೆಯೊಳಗೆ ಎರಡು ವರ್ಷಕ್ಕೆಂದು ಬೀಗ ಹಾಕಿಸಿಕೊಂಡರು. ಮೂರು ಎಕರೆ ಜಾಗ, ಒಳಗೇ ಕಾಡು, ಹೊಲ, ಪುಟ್ಟ ಸಮುದ್ರ. ಎಂಥ ಸೌಕರ್ಯ! ಆದರೂ 21 ಶೇಕಡಾ ಇದ್ದ ಆಮ್ಲಜನಕ ಸುಮಾರು 14ಕ್ಕೆ ಇಳಿಯಿತು. ಗೊಬ್ಬರ ತುಂಬಿದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳು ಅದನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಟ್ಟವು. ಗಿಡಗಳಿಗೆ ಸಿಗಬೇಕಿದ್ದ ಆ ಗಾಳಿಯನ್ನು ಕಟ್ಟಡದ ಕಾಂಕ್ರೀಟ್ ಹೀರಿಕೊಂಡಿತು. ಕೊನೆಗೆ 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಿಸಬೇಕಾಯಿತು. ನಕ್ಷತ್ರಗಳ ನಡುವೆ ಹೊರಗಿನಿಂದ ತುಂಬಿಸುವವರು ಯಾರು? ಕೋಣೆ ನೋಡಲು ಹೋದಾಗ ಕಿಟಕಿ, ಹಾಸಿಗೆ ಆಮೇಲೆ. ಗೋಡೆ ಯಾವುದರದ್ದು ಅಂತ ಮೊದಲು ಕೇಳಿ.

ಆ ಎಂಟು ಜನ ಒಳಗೆ ನಾಲ್ಕು-ನಾಲ್ಕಾಗಿ ಒಡೆದು ಎರಡು ಬಣವಾದರು. ನನಗೆ ಜನಜಂಗುಳಿ ಅಂದರೆ ಆಗುವುದಿಲ್ಲ, ಚಿಕ್ಕ ನೌಕೆಯೇ ವಾಸಿ ಅನ್ನುವುದು ಮೊದಲಿನಿಂದಲೂ ನನ್ನ ಆಸೆ. ಆದರೆ ನಾಲ್ಕು ಜನರ ಬಣ ಅಂದರೆ ಮಾತಾಡಲು ಉಳಿಯುವುದು ಮೂರೇ ಮುಖ. ಜೀವನಪೂರ್ತಿ! ತಲೆಮಾರುಗಟ್ಟಲೆ ಸಾಗುವ ನೌಕೆಯಲ್ಲಿ ಸಂತತಿ ಆರೋಗ್ಯವಾಗಿ ಮುಂದುವರಿಯಲು ಕನಿಷ್ಠ 98 ಜನ ಬೇಕು ಎಂದು 2018ರ ಒಂದು ಅಧ್ಯಯನ ಹೇಳಿತು. ಅದನ್ನು ಓದಿದ ಮೇಲೆ ನನ್ನಂಥ ಒಂಟಿಪ್ರಿಯರಿಗೂ ನೂರು ಜನರ ನೌಕೆಯನ್ನೇ ಹೇಳುತ್ತೇನೆ. ನೂರು ಜನರಿದ್ದರೆ ಒಬ್ಬರಿಂದ ತಪ್ಪಿಸಿಕೊಂಡು ಇನ್ನೊಬ್ಬರ ಹತ್ತಿರ ಕೂರಬಹುದು.

ಮನಸ್ಸು ತುಂಬಿ ಹೊಗಳಬೇಕಾದದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ತರಕಾರಿ ಮಡಿಯನ್ನು. ವೆಜ್ಜಿ ಅಂತ ಅದರ ಹೆಸರು. ನೆಲವಿಲ್ಲ, ಬಿಸಿಲಿಲ್ಲ. ಜೇಡಿಮಣ್ಣಿನ ಹರಳು ಮತ್ತು ಗೊಬ್ಬರ ತುಂಬಿದ ಪುಟ್ಟ ದಿಂಬಿನಲ್ಲಿ ಬೀಜ ಇಟ್ಟು, ಮೇಲಿನಿಂದ ಕೆಂಪು, ನೀಲಿ ಎಲ್‌ಇಡಿ ಬೆಳಕು ಬಿಡುತ್ತಾರೆ. ತೂಕವೇ ಇಲ್ಲದ ಜಾಗದಲ್ಲಿ ನೀರು ಕೆಳಗೆ ಇಳಿಯುವುದಿಲ್ಲ, ಬೇರಿಗೂ ಕೆಳಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಗಿಡ ಮಾತ್ರ ಬೆಳಕಿನ ಕಡೆಗೆ ಬೆಳೆಯುತ್ತಲೇ ಹೋಗುತ್ತದೆ. 2015ರಲ್ಲಿ ಅಲ್ಲಿನವರು ತಾವೇ ಬೆಳೆದ ಕೆಂಪು ಲೆಟಿಸ್ ತಿಂದರು. 2021ರಲ್ಲಿ ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿ ಮೆಣಸಿನಕಾಯಿ ಬೆಳೆದು ಕೊಯ್ದರು. ಅಲ್ಲಿ ಮೈಯ ದ್ರವ ತಲೆಗೇರಿ ನೆಗಡಿಯಾದಂತೆ ಮೂಗು ಕಟ್ಟುತ್ತದೆ, ಊಟ ಸಪ್ಪೆ ಅನ್ನಿಸುತ್ತದೆ. ಖಾರಕ್ಕೆ ಎಲ್ಲರೂ ಹಾತೊರೆಯುವುದು ಅದಕ್ಕೇ. ಪೊಟ್ಟಣದ ಊಟ ಹಳತಾದಷ್ಟೂ ಅದರ ಜೀವಸತ್ವ ಕರಗುತ್ತದೆ, ಮಡಿಯ ಎಲೆ ದಿನವೂ ಹೊಸದು. ತಿನ್ನುವುದಕ್ಕಷ್ಟೇ ಅಲ್ಲ, ಹಸಿರು ನೋಡುತ್ತಾ ಕೂರುವುದಕ್ಕೂ ಅದು ಬೇಕು. ಎರಡು ನೌಕೆಗಳ ನಡುವೆ ಆಯ್ಕೆ ಬಂದರೆ ಕಣ್ಣುಮುಚ್ಚಿ ದೊಡ್ಡ ಮಡಿ ಇರುವುದನ್ನೇ ಹಿಡಿಯಿರಿ, ಒಂದಿಷ್ಟು ವರ್ಷ ತಡವಾಗಿ ತಲುಪಿದರೂ ಚಿಂತೆ ಇಲ್ಲ.

ದಿನಕ್ಕೆ ಎರಡು ಗಂಟೆ ವ್ಯಾಯಾಮ ತಪ್ಪಿಸಬೇಡಿ. ತೂಕವಿಲ್ಲದೆ ಇದ್ದರೆ ಸೊಂಟ, ಕಾಲಿನ ಮೂಳೆ ತಿಂಗಳಿಗೆ ಶೇಕಡಾ ಒಂದರಷ್ಟು ಸವೆಯುತ್ತದೆ. ಇಳಿಯುವ ಗಾಡಿ ಸಿಕ್ಕಿಯೂ ಇಳಿದು ನಿಲ್ಲಲಾಗದಿದ್ದರೆ ಏನು ಬಂತು?

ಮನೆಯವರ ಜೊತೆ ಮಾತುಕತೆಯ ವಿಷಯ ಮೊದಲೇ ತಿಳಿದಿರಲಿ. ಅಲ್ಲಿಂದ ಕಳಿಸಿದ ಸಂದೇಶ ಮನೆ ಮುಟ್ಟಲು ನಾಲ್ಕೂ ಕಾಲು ವರ್ಷ, ಉತ್ತರ ಬರಲು ಇನ್ನೂ ಅಷ್ಟೇ. ತಲುಪಿದ ಮೇಲೆ ವಿಚಾರಿಸೋಣ ಅಂತ ಏನನ್ನೂ ಬಾಕಿ ಇಡಬೇಡಿ. ಬೀರುವಿನ ಕೀಲಿ ಎಲ್ಲಿದೆ, ಮನೆಯ ಪತ್ರ ಯಾರ ಹೆಸರಿಗೆ, ಇಂಥದ್ದೆಲ್ಲ ಹೊರಡುವ ಮುಂಚೆಯೇ ಹೇಳಿ ಮುಗಿಸಿ.