ಕಿಡ್ನಿ ಕೊಟ್ಟವರಿಗೂ ಒಂದು ಫೈಲು ಬೇಕು

ಕಿಡ್ನಿ ಪಡೆದವರ ಫೈಲು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುತ್ತದೆ. ಕೊಟ್ಟವರದ್ದು ಹೆಚ್ಚೆಂದರೆ ಒಂದು ಡಿಸ್ಚಾರ್ಜ್ ಚೀಟಿ, ಅದೂ ಪಡೆದವರ ಫೈಲಿನೊಳಗೇ ಎಲ್ಲೋ ಸಿಕ್ಕಿಕೊಂಡಿರುತ್ತದೆ. ನಮ್ಮ ಕಾರವಾರ, ಕುಮಟಾ, ಶಿರಸಿ ಕಡೆಯವರು ಕಸಿಗೆ ಹೋಗುವುದು ಮಣಿಪಾಲಕ್ಕೋ ಹುಬ್ಬಳ್ಳಿಗೋ ಬೆಂಗಳೂರಿಗೋ. ಪಡೆದವರು ಮಾತ್ರೆಯ ಸಲುವಾಗಿಯಾದರೂ ಮತ್ತೆ ಮತ್ತೆ ಬಸ್ಸು ಹತ್ತಲೇಬೇಕು. ಕೊಟ್ಟ ಅಮ್ಮನಿಗೋ ಅಕ್ಕನಿಗೋ ಹೆಂಡತಿಗೋ (ನಮ್ಮ ದೇಶದಲ್ಲಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು) ಮಾತ್ರೆಯಿಲ್ಲ, ನೋವಿಲ್ಲ. ಹಾಗಾಗಿ ಎರಡು ವರ್ಷ ಕಳೆದ ಮೇಲೆ ತಪಾಸಣೆಯೂ ಇಲ್ಲ.

ಒಂದು ಕಿಡ್ನಿ ತೆಗೆದ ದಿನ ದೇಹದ ಸೋಸುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಉಳಿದ ಕಿಡ್ನಿಗೆ ರಕ್ತದ ಹರಿವು ಹೆಚ್ಚುತ್ತದೆ, ಅದರೊಳಗಿನ ಸೋಸುವ ಗುಚ್ಛಗಳು ಹಿಗ್ಗುತ್ತವೆ. ಕೆಲವು ವಾರ, ತಿಂಗಳುಗಳಲ್ಲಿ ಒಟ್ಟು ಶಕ್ತಿ ಮೊದಲಿದ್ದುದರ 60ರಿಂದ 70 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಹೊಸ ಗುಚ್ಛಗಳೇನೂ ಹುಟ್ಟುವುದಿಲ್ಲ. ಇದ್ದವೇ ಹೆಚ್ಚು ದುಡಿಯುತ್ತವೆ. ಮುಂದಿನ ಎಚ್ಚರಿಕೆಗಳೆಲ್ಲ ಹೊರಡುವುದು ಇಲ್ಲಿಂದಲೇ.

ಈಗ ಲ್ಯಾಬ್ ಚೀಟಿಗೆ ಬರೋಣ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕುವ ರಕ್ತದ ಕಸ; ಸೋಸುವುದು ಕಡಿಮೆಯಾದರೆ ಅದು ಏರುತ್ತದೆ. 50 ವರ್ಷದ ಹೆಂಗಸು, ಕೊಡುವ ಮೊದಲು ಕ್ರಿಯಾಟಿನಿನ್ 0.7 ಇತ್ತು ಅನ್ನಿ. ಈಗ ಬಳಕೆಯಲ್ಲಿರುವ 2021ರ ಸೂತ್ರದಲ್ಲಿ ಲೆಕ್ಕ ಹಾಕಿದರೆ ಆಗಿನ ಇಜಿಎಫ್‌ಆರ್ (ಕ್ರಿಯಾಟಿನಿನ್ ನೋಡಿ ಅಂದಾಜಿಸಿದ ಸೋಸುವ ಶಕ್ತಿ) ಸುಮಾರು 105. ಕೊಟ್ಟಾದ ಮೇಲೆ ಕ್ರಿಯಾಟಿನಿನ್ 1.1, ಇಜಿಎಫ್‌ಆರ್ 61. ಇದು ನಿರೀಕ್ಷಿತವೇ. ಆದರೆ ಊರಿನ ಲ್ಯಾಬ್ ಚೀಟಿಯಲ್ಲಿ 0.6ರಿಂದ 1.2 ನಾರ್ಮಲ್ ಎಂದು ಅಚ್ಚಾಗಿದ್ದರೆ 1.1ನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಇನ್ನೊಬ್ಬರಿಗೆ 1.2 ಬಂದು ಇಜಿಎಫ್‌ಆರ್ 55 ಎಂದು ಕೆಂಪಕ್ಷರದಲ್ಲಿ ಬಂದರೆ ಮನೆಯವರೆಲ್ಲ ಗಾಬರಿ. 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂಬುದು ಪುಸ್ತಕದ ವ್ಯಾಖ್ಯೆ, ನಿಜ. ಆದರೆ ಎರಡೂ ಕಿಡ್ನಿ ಸಕ್ಕರೆ ಕಾಯಿಲೆಯಿಂದ ಸವೆದು 55ಕ್ಕೆ ಇಳಿದವರೂ, ಒಂದೇ ಆರೋಗ್ಯವಂತ ಕಿಡ್ನಿಯ ಮೇಲೆ 55ರಲ್ಲಿ ನಿಂತವರೂ ಒಂದೇ ದಾರಿಯಲ್ಲಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ಕಾಣುವುದು ಮೂತ್ರಕ್ಕೆ ಸೋರುವ ಪ್ರೋಟೀನ್ ಆದ ಅಲ್ಬುಮಿನ್‌ನಲ್ಲಿ, ಮತ್ತು ಅಂಕಿ ವರ್ಷ ವರ್ಷ ಇಳಿಯುತ್ತಿದೆಯೋ ನಿಂತಿದೆಯೋ ಎಂಬುದರಲ್ಲಿ. ನಿಂತಿದೆಯೋ ಎಂದು ಹೇಳಲು ಹಳೆಯ ಅಂಕಿ ಕೈಯಲ್ಲಿರಬೇಕು. ಫೈಲು ಬೇಕು ಎನ್ನುವುದು ಅದಕ್ಕೇ.

ಅಪಾಯ ಎಷ್ಟು? ಅಮೆರಿಕದ ದಾನಿಗಳ ಮೇಲೆ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜಿನ ಪ್ರಕಾರ, ಜೀವಮಾನದಲ್ಲಿ ಕಿಡ್ನಿ ಪೂರ್ತಿ ಕೈಕೊಡುವ ಸಂಭವ ದಾನಿಗಳಲ್ಲಿ 10,000ಕ್ಕೆ 90. ಅಷ್ಟೇ ಆರೋಗ್ಯವಿದ್ದೂ ಕೊಡದವರಲ್ಲಿ 14. ಯಾವ ತಪಾಸಣೆಯೂ ಇಲ್ಲದ ಸಾಮಾನ್ಯ ಜನರಲ್ಲಿ 326. ಕೊಡುವ ಮೊದಲು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಕೊನೆಯ ಹೋಲಿಕೆ. ನನ್ನ ಪ್ರಕಾರ ಮೊದಲ ಎರಡು ಅಂಕಿಗಳನ್ನೂ ಹೇಳಬೇಕು. ನೂರಕ್ಕೆ ಒಂದಕ್ಕಿಂತ ಕಡಿಮೆ ಎಂಬುದೂ ನಿಜ, ಕೊಡದೇ ಇದ್ದಿದ್ದರೆ ಇನ್ನೂ ಕಡಿಮೆಯಿತ್ತು ಎಂಬುದೂ ನಿಜ. 1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಸಹೋದರನಿಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್ ಆಮೇಲೆ 56 ವರ್ಷ ಬದುಕಿದರು ಎಂದು ಧೈರ್ಯ ಹೇಳುವವರಿದ್ದಾರೆ. ಒಬ್ಬರ ಆಯುಸ್ಸು ಲೆಕ್ಕವಾಗುವುದಿಲ್ಲ. ಇಪ್ಪತ್ತೈದರ ಹರೆಯದಲ್ಲಿ ಕೊಟ್ಟವರಿಗಂತೂ ಆಗಿನ ತಪಾಸಣೆ ಹೇಳುವುದು ಆ ದಿನದವರೆಗಿನ ಆರೋಗ್ಯವನ್ನಷ್ಟೇ; ಸಕ್ಕರೆ, ಬಿಪಿ ಬರುವ ವಯಸ್ಸು ಇನ್ನೂ ಮುಂದಿದೆ.

ವರ್ಷಕ್ಕೊಮ್ಮೆ ಆಗಬೇಕಾದ್ದು ಹೆಚ್ಚೇನಿಲ್ಲ, ತಾಲೂಕು ಮಟ್ಟದಲ್ಲೇ ಮುಗಿಯುತ್ತದೆ: ಬಿಪಿ, ತೂಕ, ಕ್ರಿಯಾಟಿನಿನ್, ಸಕ್ಕರೆ, ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಅಂದರೆ ಎಸಿಆರ್. ತಪ್ಪಿಹೋಗುವುದು ಬಹುತೇಕ ಈ ಕೊನೆಯದೇ. ‘ಯೂರಿನ್ ರೊಟೀನ್’ ಎಂದು ಬರೆದುಕೊಟ್ಟರೆ ಲ್ಯಾಬಿನವರು ಪಟ್ಟಿ ಅದ್ದಿ ನೋಡುತ್ತಾರೆ. ಸಣ್ಣ ಪ್ರಮಾಣದ ಅಲ್ಬುಮಿನ್ ಆ ಪಟ್ಟಿಗೆ ಸಿಗುವುದಿಲ್ಲ. ಎಸಿಆರ್ ಎಂದೇ ಕೇಳಿ ಮಾಡಿಸಬೇಕು, ಬೆಳಗಿನ ಮೊದಲ ಮೂತ್ರ ಕೊಡಬೇಕು. 30ರೊಳಗಿದ್ದರೆ ಸರಿ. ಹೆಚ್ಚು ಬಂದರೆ ಅಂದೇ ತಲೆ ಮೇಲೆ ಕೈ ಹೊತ್ತು ಕೂರಬೇಕಿಲ್ಲ. ಜ್ವರ, ಉರಿಮೂತ್ರ, ಮುಟ್ಟು, ಹಿಂದಿನ ದಿನದ ಮೈಮುರಿಯುವ ಕೆಲಸ ಇವೆಲ್ಲ ಅದನ್ನು ಏರಿಸುತ್ತವೆ. ಮೂರು ತಿಂಗಳೊಳಗೆ ಮತ್ತೆ ಒಂದೆರಡು ಸಲ ಮಾಡಿಸಿ, ಆಗಲೂ ಇಳಿಯದಿದ್ದರೆ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ತಜ್ಞರ ಬಳಿ ಹೋಗಬೇಕು.

ಕ್ರಿಯಾಟಿನಿನ್ನನ್ನು ಪ್ರತಿ ವರ್ಷ ಒಂದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು. 1.1 ಇದ್ದದ್ದು 1.2 ಆದರೆ ಅದು ಲ್ಯಾಬಿನ ಏರಿಳಿತವೇ ಇರಬಹುದು. ಹಿಂದಿನ ರಾತ್ರಿ ಮೀನು, ಮಾಂಸದ ಭರ್ಜರಿ ಊಟವಾಗಿದ್ದರೂ ಏರುತ್ತದೆ. ಜಿಮ್ಮಿಗೆ ಹೋಗುವ ಹುಡುಗರು ತಿನ್ನುವ ಕ್ರಿಯಾಟಿನ್ ಪುಡಿಯಿಂದಲೂ ಏರುತ್ತದೆ. ಬಿಪಿಗೆ ಮನೆಯಲ್ಲೇ ತೋಳಿಗೆ ಕಟ್ಟುವ ಮಷಿನ್ ಇರಲಿ, ಮಣಿಕಟ್ಟಿನದ್ದು ಬೇಡ. ಅರ್ಧ ಗಂಟೆ ಮೊದಲಿನಿಂದ ಚಾ, ಬೀಡಿ, ಕವಳ ಯಾವುದೂ ಇಲ್ಲ. ಮೂತ್ರ ಮಾಡಿ ಬಂದು, ಬೆನ್ನು ಆನಿಸಿ ಐದು ನಿಮಿಷ ಸುಮ್ಮನೆ ಕೂತು, ತೋಳು ಎದೆಯ ಮಟ್ಟಕ್ಕಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. 130/80ರೊಳಗಿದ್ದರೆ ನಿರಾಳ. ಕಿಡ್ನಿ ಕೊಟ್ಟವರಲ್ಲಿ ವಯಸ್ಸಿನ ಸಹಜ ಏರಿಕೆಯ ಮೇಲೆ ಇನ್ನೊಂದು 5ರಷ್ಟು ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಹಾಗಾಗಿ ‘ವಯಸ್ಸಾಯ್ತಲ್ಲ’ ಎಂದು ಬಿಡುವ ಹಾಗಿಲ್ಲ.

ಇನ್ನು ನೋವಿನ ಮಾತ್ರೆ. ಇದರ ಮೇಲೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಒಂದೇ ಕಿಡ್ನಿಗೆ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವ ಹೊಡೆತ ಇದೇ. ಕೊನೆಕೊಯ್ಲಿನ ಕಾಲ, ನಟ್ಟಿಯ ಕಾಲ, ಬಲೆ ಎಳೆದು ಬಂದ ಸಂಜೆ. ಮೆಡಿಕಲ್ ಶಾಪಿನಲ್ಲಿ ‘ಮೈಕೈ ನೋವಿಗೆ ಒಂದು ಕೊಡಿ’ ಎಂದರೆ ಸಿಗುವುದು ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಅಥವಾ ನಿಮೆಸುಲೈಡ್. ಕಿಡ್ನಿಯ ಗುಚ್ಛಕ್ಕೆ ರಕ್ತ ಒಯ್ಯುವ ಕಿರುನಾಳವನ್ನು, ನೀರಿನಂಶ ಕಡಿಮೆಯಾದಾಗಲೂ ಅಗಲವಾಗಿ ಇಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಈ ಮಾತ್ರೆಗಳು ಅದನ್ನೇ ತಡೆಯುತ್ತವೆ. ನಾಳ ಬಿಗಿಯಾಗುತ್ತದೆ, ಸೋಸುವುದು ಕುಸಿಯುತ್ತದೆ. ಬಿಸಿಲಲ್ಲಿ ಬೆವರಿಳಿಸಿ ದುಡಿದವರಿಗೆ, ಮೇಲಿಂದ ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ ನೋವಿನ ಮಾತ್ರೆಯೂ ಸೇರಿ ಮೂರೂ ಒಟ್ಟಾದರೆ ನಾಲ್ಕೇ ದಿನದಲ್ಲಿ ಕ್ರಿಯಾಟಿನಿನ್ ಎರಡರಷ್ಟಾಗಬಹುದು. ಒಂದೇ ಮಾತ್ರೆಯಲ್ಲಿ ಅಸಿಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಎರಡೂ ಇರುವುದು ಬಹಳ. ‘ಪ್ಯಾರಾಸಿಟಮಾಲೇ ಇದು’ ಎಂಬ ಮಾತು ನಂಬದೆ ಹಾಳೆಯ ಹಿಂಬದಿ ಓದಬೇಕು. ಬರೀ ಪ್ಯಾರಾಸಿಟಮಾಲ್ ಆಗಬಹುದು. ನೋವಿನ ಇಂಜೆಕ್ಷನ್ ಎಂದರೆ ಹೆಚ್ಚಾಗಿ ಡೈಕ್ಲೊಫೆನಾಕೇ, ಸೂಜಿ ಚುಚ್ಚುವ ಮೊದಲೇ ‘ನನಗೆ ಒಂದೇ ಕಿಡ್ನಿ’ ಎಂದು ಹೇಳಬೇಕು. ಕೊಟ್ಟವರಲ್ಲಿ ಯೂರಿಕ್ ಆಸಿಡ್ ತುಸು ಏರುವುದು, ಕೆಲವರಿಗೆ ಅದರಿಂದ ಕೀಲು ಊದಿ ನೋಯುವ ಗೌಟ್ ಬರುವುದು ಉಂಟು. ಆ ನೋವಿಗೂ ಇದೇ ಮಾತ್ರೆ ಬರೆದುಕೊಡುವ ರೂಢಿಯಿರುವುದರಿಂದ ಅಲ್ಲೂ ಬಾಯಿ ಬಿಡಬೇಕು. ಬಂಗುಡೆ, ತಾರ್ಲೆ ಮೀನು ಪೂರ್ತಿ ಬಿಡಬೇಕಿಲ್ಲ, ಗೌಟ್ ಬಂದವರು ಕಡಿಮೆ ಮಾಡಿದರೆ ಸಾಕು.

ಹಿತ್ತಲಿನದೂ ಕೆಲವಿವೆ. ಬಿಂಬಲಿ ಮತ್ತು ಕರಬಲದಲ್ಲಿ (ಕಮರಾಕ್ಷಿ, ದಾರೆಹುಳಿ ಅಂತಲೂ ಅನ್ನುತ್ತಾರೆ) ಆಕ್ಸಲೇಟ್ ವಿಪರೀತ. ಮೀನಿನ ಸಾರಿಗೆ ನಾಲ್ಕು ಬಿಂಬಲಿ ಹಾಕಿದರೆ ಏನೂ ಆಗುವುದಿಲ್ಲ. ಕೊಲೆಸ್ಟ್ರಾಲ್ ಇಳಿಯಲಿ, ಸಕ್ಕರೆ ಇಳಿಯಲಿ ಎಂದು ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿಯುವುದು ಬೇರೆ: ಆಕ್ಸಲೇಟ್ ಹರಳುಗಳು ಕಿಡ್ನಿಯ ಕೊಳವೆಗಳಲ್ಲೇ ಕೂತುಬಿಡುತ್ತವೆ. ಬಿಂಬಲಿ ರಸ ಕುಡಿದು ಎರಡೂ ಕಿಡ್ನಿ ಇದ್ದವರೇ ಡಯಾಲಿಸಿಸ್‌ಗೆ ಹೋದ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಈಶ್ವರಿ ಬೇರಿನದು ಇನ್ನೂ ಕೆಟ್ಟದ್ದು. ಅದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಕಿಡ್ನಿಯನ್ನು ಮೆಲ್ಲಗೆ ಗಟ್ಟಿಗೊಳಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣ. ನಾಟಿ ಮದ್ದಿನ ಮೇಲೆ ನನಗೆ ಸಿಟ್ಟೇನಿಲ್ಲ, ಆದರೆ ಒಳಗೇನಿದೆ ಎಂದು ಕೊಡುವವರು ಹೇಳದ ಪುಡಿಯನ್ನೂ ಭಸ್ಮವನ್ನೂ ಕಿಡ್ನಿ ಕೊಟ್ಟವರು ಮುಟ್ಟಬಾರದು.

ಮಳೆಗಾಲದಲ್ಲಿ ಇಲಿಜ್ವರ. ಗದ್ದೆ, ತೋಟದ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಒಡೆದ ಹಿಮ್ಮಡಿಯಿಂದಲೇ ರೋಗಾಣು ಒಳಹೋಗುತ್ತದೆ, ಹೋಗಿ ಮೊದಲು ಕಾಡುವ ಅಂಗಗಳಲ್ಲಿ ಕಿಡ್ನಿಯೂ ಒಂದು. ಗಂಬೂಟು ಹಾಕುವುದು ಕಿರಿಕಿರಿ, ಆದರೂ ಹಾಕಬೇಕು. ಜ್ವರದ ಜೊತೆ ಮೀನಖಂಡದ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಎಂದಾದರೆ ಕಷಾಯ ಕುಡಿದು ಮೂರು ದಿನ ಕಾಯಬಾರದು. ಅಂದೇ ಆಸ್ಪತ್ರೆಗೆ ಹೋಗಿ ಕ್ರಿಯಾಟಿನಿನ್ ಮಾಡಿಸಬೇಕು. ವಾಂತಿ-ಭೇದಿಯಾದ ದಿನ ಒಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಕಲಸಿ ಕುಡಿಯುತ್ತಿರಬೇಕು. ಟೆಲ್ಮಿಸಾರ್ಟಾನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಗೊಳ್ಳುವವರು ಆ ದಿನಗಳಲ್ಲಿ ನಿಲ್ಲಿಸಬೇಕೋ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಮೂತ್ರ ಇದ್ದಕ್ಕಿದ್ದಂತೆ ಪೂರ್ತಿ ನಿಂತು, ಕಿಡ್ನಿಯಿರುವ ಕಡೆ ಪಕ್ಕೆ ನೋವು ಬಂದರೆ ಕಲ್ಲು ಅಡ್ಡ ಬಂದಿರಬಹುದು. ಎರಡನೇ ಕಿಡ್ನಿ ಇಲ್ಲದವರಿಗೆ ಇದು ರಾತ್ರೋರಾತ್ರಿ ಹೊರಡಬೇಕಾದ ತುರ್ತು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಎಲ್ಲ ಸೇರಿ. ಅಪ್ಪೆಮಿಡಿ, ಹಪ್ಪಳ, ಒಣಮೀನು ಮೂರೂ ಒಂದೇ ಊಟದಲ್ಲಿ ಬಂದರೆ ಆ ಚಮಚ ಅಲ್ಲೇ ಖಾಲಿ.

ಮುಂದೆ ಮಕ್ಕಳಾಗಬೇಕಾದವರು ಕೊಟ್ಟಿದ್ದರೆ ಒಂದು ವಿಷಯ: ಕೆನಡಾದ ದಾನಿಗಳ 2015ರ ಅಧ್ಯಯನದಲ್ಲಿ ಬಸಿರಿನ ಬಿಪಿ ಅಥವಾ ಪ್ರಿ-ಎಕ್ಲಾಂಪ್ಸಿಯಾ (ಬಿಪಿ ಏರುವುದರ ಜೊತೆ ಬೇರೆ ಅಂಗಗಳಿಗೂ ತೊಂದರೆಯಾಗುವ ಸ್ಥಿತಿ) ಕಂಡದ್ದು ಕೊಟ್ಟವರಲ್ಲಿ ನೂರಕ್ಕೆ 11, ಕೊಡದವರಲ್ಲಿ 5. ಹೆಚ್ಚಿನವರ ಹೆರಿಗೆ ಸುಸೂತ್ರವಾಗಿಯೇ ಆಯಿತು. ಆದರೂ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ‘ಒಂದೇ ಕಿಡ್ನಿ’ ಎಂದು ಬರೆಸಬೇಕು, ಮೊದಲ ತಿಂಗಳುಗಳಲ್ಲೇ ಬಿಪಿ ಮತ್ತು ಎಸಿಆರ್ ನೋಡಿಸಿಟ್ಟಿರಬೇಕು, ಕಡಿಮೆ ಡೋಸಿನ ಆಸ್ಪಿರಿನ್ ಬೇಕೇ ಎಂದು 12ನೇ ವಾರದ ಹೊತ್ತಿಗೆ ಕೇಳಬೇಕು.

ಫೈಲಿನ ಮೊದಲ ಹಾಳೆಗೆ ಬೇಕಾದ್ದು: ಕೊಟ್ಟ ತಾರೀಕು, ಎಡ ಕಿಡ್ನಿಯೋ ಬಲವೋ, ಕೊಡುವ ಮೊದಲಿನ ಕ್ರಿಯಾಟಿನಿನ್, ಕೊಟ್ಟು ಆರು ತಿಂಗಳ ಮತ್ತು ಒಂದು ವರ್ಷದ ಕ್ರಿಯಾಟಿನಿನ್, ರಕ್ತದ ಗುಂಪು. ಆಮೇಲೆ ವರ್ಷಕ್ಕೊಂದು ಸಾಲು. ಹಳೆಯ ಅಂಕಿ ಕಳೆದುಹೋಗಿದ್ದರೆ ಕಸಿ ಮಾಡಿದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ದಾನಿಯ ಹೆಸರು, ಆಸ್ಪತ್ರೆ ನಂಬರು ಹಾಕಿ ಅರ್ಜಿ ಕೊಡಬೇಕು. ಪಡೆದವರ ನಂಬರಿನಲ್ಲಿ ಹುಡುಕಿಸಿದರೆ ದಾನಿಯ ಕಾಗದ ಸಿಗದೇ ಹೋಗಬಹುದು. ಆ ಮೊದಲ ಹಾಳೆಯ ಫೋಟೋ ಮೊಬೈಲಿನಲ್ಲೂ ಇರಲಿ, ಮೆಡಿಕಲ್ ಶಾಪಿಗೆ ಫೈಲು ಯಾರೂ ಒಯ್ಯುವುದಿಲ್ಲ.