ಎಡಗೈಗೊಂದು ಕತ್ತರಿ

ಆಗಸ್ಟ್ 13ರಂದು ಕಚೇರಿಯಲ್ಲಿ ಊಟ ಮುಗಿಯುವ ಹೊತ್ತಿಗೆ ಸಿಬ್ಬಂದಿ ವಿಭಾಗದ ಹುಡುಗಿ ಎದ್ದು ನಿಂತು, "ಇಂದು ಎಡಗೈಯವರ ದಿನ. ಎಡಚರೆಲ್ಲ ಕೈ ಎತ್ತಿ" ಎಂದಳು. ನಾನು ಎತ್ತಿದೆ. ಸುತ್ತಲೂ ನಗು. ನೋಡಿಕೊಂಡರೆ, ಎತ್ತಿದ್ದು ಬಲಗೈ!

ತರಗತಿಯಲ್ಲಿ ಎಡಗೈ ಮೇಲೆದ್ದಾಗಲೆಲ್ಲ ಮೇಷ್ಟರ ಅಡಿಕೋಲು ಗೆಣ್ಣಿನ ಮೇಲೆ ಬೀಳುತ್ತಿತ್ತು. ಉಳಿದ ಪಾಠಗಳು ಮರೆತಿವೆ, ಅದೊಂದು ಮರೆತಿಲ್ಲ. ಮನೆಯಲ್ಲಿ ಅಜ್ಜಿ ಹೊಡೆಯುತ್ತಿರಲಿಲ್ಲ. ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಗೆ ಚಾಚಿದ ನನ್ನ ಎಡಗೈಯನ್ನು ಮೆಲ್ಲಗೆ ಸರಿಸಿ, "ಆ ಕೈ ಬೇಡ ಕಂದ" ಎಂದಿದ್ದರಂತೆ. ತೀರ್ಥಕ್ಕೆ, ತುತ್ತಿಗೆ, ದಕ್ಷಿಣೆಗೆ ಆ ಕೈ ಬೇಡ. ನಮ್ಮ ಭಾಷೆಯೂ ಅಜ್ಜಿಯ ಪಕ್ಷವೇ: 'ಬಲ' ಎಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು, ಎಡದ ಪಾಲಿಗೆ ಉಳಿದದ್ದು ಎಡವುವುದು. ಆದರೆ ಅದೇ ಅಜ್ಜಿಯ ತುರಿಮಣೆ ಭೇದ ಮಾಡಲಿಲ್ಲ. ಕಾಯಿಯ ಹೋಳನ್ನು ಯಾವ ಕೈಯಲ್ಲಿ ತಿರುಗಿಸಿದರೂ ತುರಿ ಉದುರುತ್ತಿತ್ತು. ಹಬ್ಬದ ದಿನ ಆ ಕೆಲಸವನ್ನು ನಾನೇ ಕೇಳಿ ಪಡೆಯುತ್ತಿದ್ದೆ.

ಹೀಗೆ ನಾನು ಅರೆ ಎಡಚ. ಬರೆಯುವುದು, ಉಣ್ಣುವುದು ಬಲಗೈ. ಹಲ್ಲುಜ್ಜುವುದು, ಕಲ್ಲೆಸೆಯುವುದು, ಮೊಳೆ ಹೊಡೆಯುವುದು ಎಡಗೈ. ಪಕ್ಕದ ಮೇಜಿನ ಗೆಳೆಯ ಸಮಾಧಾನ ಹೇಳಿದ: ಬಲಗೈ ಬ್ಯಾಟ್ಸ್‌ಮನ್ ಸಚಿನ್ ತೆಂಡೂಲ್ಕರ್ ಸಹಿ ಹಾಕುವುದು ಎಡಗೈಯಲ್ಲಿ, ಎಡಗೈಯಲ್ಲಿ ಬ್ಯಾಟ್ ಬೀಸಿದ ಗಂಗೂಲಿ ಬೌಲ್ ಮಾಡಿದ್ದು ಬಲಗೈಯಲ್ಲಿ. ಅಷ್ಟಕ್ಕೇ ನಿಲ್ಲಿಸದೆ, "ಎಡಗೈಯ ನಿಜವಾದ ಹಬ್ಬ ಇದಲ್ಲ, ನವೆಂಬರ್ 19. ವಿಶ್ವ ಶೌಚಾಲಯ ದಿನ" ಎಂದು ಸೇರಿಸಿದ. ಆ ದಿನಕ್ಕೆ 2013ರಲ್ಲಿ ವಿಶ್ವಸಂಸ್ಥೆಯ ಮುದ್ರೆಯೂ ಬಿದ್ದಿದೆ. ನಮ್ಮದನ್ನು ಬ್ರಿಟನ್ನಿನ ಎಡಗೈಯವರ ಕ್ಲಬ್ಬೊಂದು 1992ರಿಂದ ಹಚ್ಚಿಕೊಂಡು ನಡೆಸುತ್ತಿದೆ. ಗುಬ್ಬಚ್ಚಿಗೆ ಮಾರ್ಚ್ 20, ಚಹಾಕ್ಕೆ ಮೇ 21 ಇರುವಾಗ, ಹತ್ತರಲ್ಲಿ ಒಬ್ಬರಂತೆ ಇರುವ ನಮಗೆ ಒಂದು ದಿನ ಹೆಚ್ಚೇನಲ್ಲ ಬಿಡಿ.

ಕೈ ಎತ್ತಿದ ನಾಲ್ವರಿಗೂ ಒಂದೊಂದು ಎಡಗೈ ಕತ್ತರಿ ಕೊಟ್ಟರು. ಮಾಮೂಲಿ ಕತ್ತರಿಯಲ್ಲಿ ಮೇಲಿನ ಅಲಗು ಬಲಕ್ಕಿರುತ್ತದೆ. ಬಲಗೈಯ ಹಿಡಿತಕ್ಕೆ ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಎಡಗೈಗೆ ಬಂದರೆ ಬಿಟ್ಟುಕೊಳ್ಳುತ್ತವೆ. ಶಾಲೆಯಲ್ಲಿ ನನ್ನ ಬಣ್ಣದ ಕಾಗದವೆಲ್ಲ ಕತ್ತರಿಯ ನಡುವೆ ಮಡಚಿಕೊಳ್ಳುತ್ತಿದ್ದುದು ಇದಕ್ಕೇ. ಬೈಗುಳ ಮಾತ್ರ ನನಗೆ. ಈ ಹೊಸದರಲ್ಲಿ ಅಲಗುಗಳೇ ಅದಲುಬದಲು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಹೆಂಡತಿಯ ದನಿ: "ಎಂಥ ಕತ್ತರಿ ತಂದಿದ್ದೀರಿ? ಹಾಲಿನ ಪ್ಯಾಕೆಟ್ ಕೂಡ ಕತ್ತರಿಸುವುದಿಲ್ಲ!" ನನಗೆ ಒಳಗೊಳಗೇ ಹಿಗ್ಗು. ಗತ್ತಿನಿಂದ ಹೋಗಿ ಎಡಗೈಗೆ ತೆಗೆದುಕೊಂಡೆ. ಪ್ಯಾಕೆಟ್ಟಿನ ಮೂಲೆ ಅಲಗುಗಳ ನಡುವೆ ಮೆತ್ತಗೆ ಮಡಚಿಕೊಂಡಿತು. ಮತ್ತೊಮ್ಮೆ ಹಿಡಿದೆ, ಮತ್ತೆ ಅದೇ. ನಲವತ್ತು ವರ್ಷ ಹೆಬ್ಬೆರಳನ್ನು ಅಂಗೈ ಕಡೆಗೆ ಎಳೆದೆಳೆದು ಬಲಗೈ ಕತ್ತರಿಯನ್ನು ಪಳಗಿಸಿದ್ದ ಕೈ, ಈಗಲೂ ಹಾಗೇ ಎಳೆಯುತ್ತಿತ್ತು.

ಹೆಂಡತಿ ಏನೂ ಹೇಳದೆ ಹಳೆಯ ಕತ್ತರಿ ತೆಗೆದುಕೊಟ್ಟಳು. ಎಡಗೈಯಲ್ಲೇ ಕತ್ತರಿಸಿದೆ.