ಮುಕ್ಕಾಲಿ ಸರ್

ನಮ್ಮ ಕಾರ್ಪೆಂಟ್ರಿ ಶೆಡ್ಡಿನ ನೆಲದಲ್ಲಿ ಒಂದು ಬಿರುಕಿತ್ತು. ಬಾಗಿಲಿಂದ ಹೊರಟು ಕಿಟಕಿ ತನಕ. ಏಪ್ರಿಲ್‌ನಲ್ಲಿ ಕಿರುಬೆರಳು ಹೋಗುವಷ್ಟು ಅಗಲ, ಆಗಸ್ಟ್ ಬಂದರೆ ಕೂದಲೆಳೆ. ಹುಬ್ಬಳ್ಳಿಯ ಎರೆಮಣ್ಣಿನ ಮೇಲೆ ಕಟ್ಟಿದ ಶೆಡ್ಡು. ಮಳೆಗೆ ಉಬ್ಬುವುದು, ಬಿಸಿಲಿಗೆ ಬಿರಿಯುವುದು ಆ ಮಣ್ಣಿನ ಹುಟ್ಟುಗುಣ, ಮೇಲೆ ಎಷ್ಟೇ ಕಾಂಕ್ರೀಟ್ ಹಾಕಿದರೂ ಅದು ಕೇಳುವುದಿಲ್ಲ. ಕಾಲೇಜಿನವರು ಎರಡು ಸಲ ಸಿಮೆಂಟ್ ತುಂಬಿಸಿದ್ದರಂತೆ. ಮೂರನೇ ಸಲ ಬಂದಾಗ ನಮ್ಮ ಸರ್ ಬೇಡ ಅಂದರಂತೆ, ಅದು ನಮಗೆ ಪಾಠಕ್ಕೆ ಬೇಕು ಅಂತ.

1989ರ ಜುಲೈ. ಡಿಪ್ಲೊಮಾ ಮೆಕ್ಯಾನಿಕಲ್‌ನ ಮೊದಲ ವರ್ಷ, ವರ್ಕ್‌ಶಾಪಿನ ಮೊದಲ ದಿನ. ಸರ್ ಒಂದು ನಾಲ್ಕು ಕಾಲಿನ ಸ್ಟೂಲನ್ನು ಆ ಬಿರುಕಿನ ಮೇಲೆ ಇಟ್ಟು, ನಮ್ಮಲ್ಲೇ ದಪ್ಪಗಿದ್ದವನನ್ನು ಕರೆದು ಕೂಡಿಸಿದರು. ಸ್ಟೂಲು ಟಕ್ ಟಕ್ ಅಂದಿತು. ಅದನ್ನು ತೆಗೆದು ಮೂರು ಕಾಲಿನದನ್ನು ಇಟ್ಟರು. ಸದ್ದಿಲ್ಲ. ಒಂದು ಗೇಣು ಸರಿಸಿದರು, ತಿರುಗಿಸಿದರು. ಆಗಲೂ ಸದ್ದಿಲ್ಲ.

"ಯಾಕಲೇ?"

ಯಾರಿಗೂ ಗೊತ್ತಾಗಲಿಲ್ಲ. ಯಾವ ಮೂರು ಬಿಂದು ತೊಗೊಂಡರೂ ಅವು ಒಂದೇ ಸಮತಲದಲ್ಲಿ ಇರುತ್ತವೆ, ನಾಲ್ಕನೆಯದು ಬಂದಾಗಲೇ ಜಗಳ ಅಂತ ಜಾಮಿಟ್ರಿಯಲ್ಲಿ ಓದಿಯೇ ಬಂದಿದ್ದೆವು. ಓದಿದ್ದು ಹೀಗೆ ಎದುರಿಗೆ ಬಂದು ನಿಲ್ಲುತ್ತದೆ ಅಂತ ಅಂದುಕೊಂಡಿರಲಿಲ್ಲ. ಅವತ್ತು ಸಂಜೆಯೊಳಗೇ ಅವರಿಗೆ ಮುಕ್ಕಾಲಿ ಸರ್ ಅಂತ ಹೆಸರು ಬಿತ್ತು. ಸೀನಿಯರ್ಸ್ ಬಾಯಲ್ಲಿ ಆ ಹೆಸರು ಮೊದಲೇ ಇತ್ತು ಅನ್ನುವುದು ಆಮೇಲೆ ತಿಳಿಯಿತು.

ಮಾರ್ಟೈಸ್, ಟೆನನ್, ಡವ್‌ಟೇಲ್ ಅನ್ನುವ ಕಟ್ಟಿಗೆಯ ಜೋಡಣೆಗಳು, ರಂದಾ ಹೊಡೆಯುವುದು, ಕೈ ಕುಯ್ದುಕೊಳ್ಳುವುದು ಇವೆಲ್ಲ ಎಲ್ಲ ಕಾಲೇಜಿನಲ್ಲೂ ಇದ್ದದ್ದೇ. ನಮ್ಮಲ್ಲಿ ಮಾತ್ರ ಇದ್ದದ್ದು ಕೊನೆಯ ಜಾಬ್. ಮನೆಯಲ್ಲಿ ಯಾರಿಗೋ ಒಬ್ಬರಿಗೆ ನಿಜವಾಗಿ ಬೇಕಾದ ಒಂದು ವಸ್ತು ಮಾಡಬೇಕು. 25ಕ್ಕೆ 15 ಮಾರ್ಕ್ಸ್ ಕೆಲಸಕ್ಕೆ. ಉಳಿದ 10 ಸಿಗಬೇಕಾದರೆ ವಸ್ತು ಒಂದು ತಿಂಗಳು ಮನೆಯಲ್ಲಿ ದುಡಿಯಬೇಕು, ಆಮೇಲೆ ಸರ್ ಬಂದು ನೋಡುತ್ತಾರೆ. ಸಿಲೆಬಸ್‌ನಲ್ಲಿ ಇದು ಎಲ್ಲಿದೆಯೋ ನಮಗಂತೂ ಕಾಣಲಿಲ್ಲ.

ನಾನು ಅಣ್ಣಿಗೇರಿಯಿಂದ ಬೆಳಗಿನ ಪ್ಯಾಸೆಂಜರಿಗೆ ಬರುವವನು. ಆ ವರ್ಷವೇ ನಮ್ಮ ಮನೆಗೆ ಗ್ಯಾಸ್ ಬಂದಿತ್ತು. ಅಪ್ಪ ಉತ್ಸಾಹದಿಂದ ಅಡುಗೆಮನೆಯಲ್ಲಿ ಎತ್ತರದ ಕಟ್ಟೆ ಕಟ್ಟಿಸಿ, ಮೇಲೆ ಕಡಪಾ ಕಲ್ಲು ಹಾಸಿಸಿದ್ದ. ಅವ್ವನಿಗೆ ಮೊಣಕಾಲು ನೋವು, ನೆಲಕ್ಕೆ ಕೂತರೆ ಏಳಲಾಗದು, ಇನ್ನು ಆರಾಮಾಗುತ್ತದೆ ಅಂತ ಎಲ್ಲರೂ ಅಂದುಕೊಂಡೆವು. ಸಾರು, ಪಲ್ಯಕ್ಕೆ ಆಯಿತು. ರೊಟ್ಟಿಗೆ ಆಗಲಿಲ್ಲ. ಜೋಳದ ರೊಟ್ಟಿ ಬಡಿಯುವುದು ಬರೀ ಕೈಯಿಂದಲ್ಲ, ಹೆಗಲಿಂದ. ಮೈಭಾರ ಮೇಲಿಂದ ಕೆಳಗೆ ಇಳಿಯಬೇಕು. ಎದೆಯ ಹತ್ತಿರ ಹತ್ತಿರ ಬರುವ ಕಟ್ಟೆಯ ಮೇಲೆ ಬಡಿದರೆ ಭಾರ ಬೀಳುವುದಿಲ್ಲ, ಹೆಗಲು ಮಾತ್ರ ಸೋಲುತ್ತದೆ, ಪಕ್ಕದ ಡಬ್ಬಿಗಳೆಲ್ಲ ಕುಣಿಯುತ್ತವೆ. ಎಂಟೇ ದಿನಕ್ಕೆ ಅವ್ವ ಗ್ಯಾಸ್ ಒಲೆಯನ್ನು ಎತ್ತಿ ನೆಲಕ್ಕಿಟ್ಟುಕೊಂಡಳು. ಮತ್ತೆ ಮೊಣಕಾಲು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೇ ಕಥೆ. ಲಕ್ಷಗಟ್ಟಲೆ ಸುರಿದು ಮಾಡ್ಯುಲರ್ ಕಿಚನ್ ಮಾಡಿಸಿದವರ ಮನೆಯಲ್ಲೂ ರೊಟ್ಟಿಯ ಒಲೆ ಹಿತ್ತಲಲ್ಲಿ, ನೆಲದ ಮೇಲೆ.

ನನ್ನ ಜಾಬ್ ಸಿಕ್ಕಿತು ಅಂತ ಹಿಗ್ಗಿದೆ. ನೆಲವೂ ಅಲ್ಲದ, ಕಟ್ಟೆಯೂ ಅಲ್ಲದ ನಡುವಿನ ಎತ್ತರ. ಅವ್ವ ಕೂಡಲು ಹತ್ತು ಇಂಚಿನ ಮಣೆ, ಎದುರಿಗೆ ಇಪ್ಪತ್ತು ಇಂಚಿನ ದುಂಡನೆಯ ಮುಕ್ಕಾಲಿ, ಅದರ ಮೇಲೆ ರೊಟ್ಟಿ ಕಲ್ಲು. ಮುಕ್ಕಾಲಿಯೇ ಯಾಕೆ? ಸರ್ ಖುಷಿಯಾಗಲಿ ಅಂತ. ಮತ್ತಿ ಹಲಗೆ, ಕೆಳಗೆ ನೆಟ್ಟಗೆ ಇಳಿದ ಮೂರು ಕಾಲು, ಪಾಲಿಶ್. ಹದಿನೈದಕ್ಕೆ ಹದಿಮೂರು ಬಂತು. ಹೊಸಾ ಸೀರೆಯಲ್ಲಿ ಸುತ್ತಿದಂತೆ ಸುತ್ತಿ ಪ್ಯಾಸೆಂಜರಿನಲ್ಲಿ ಊರಿಗೆ ಒಯ್ದೆ.

ಮಾರನೇ ದಿನ ಬೆಳಿಗ್ಗೆ ಮೂರನೇ ರೊಟ್ಟಿಗೆ ಮುಕ್ಕಾಲಿ ಪಲ್ಟಿ ಹೊಡೆಯಿತು. ಕಲ್ಲು ಅವ್ವನ ಪಾದದ ಪಕ್ಕಕ್ಕೆ ಬಿತ್ತು. ಅರ್ಧ ಅಡಿ ಈಚೆಗೆ ಬಿದ್ದಿದ್ದರೆ ಈ ಲೇಖನದ ಧಾಟಿ ಬೇರೆ ಇರುತ್ತಿತ್ತು.

ಸರ್ ಬೈಯಲಿಲ್ಲ. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಚುಕ್ಕಿ ಇಟ್ಟು ತ್ರಿಕೋಣ ಎಳೆದರು. "ಮುಕ್ಕಾಲಿ ಅಲ್ಲಾಡೂದಿಲ್ಲ ಅಂತ ಹೇಳೇನಿ. ಬೀಳೂದಿಲ್ಲ ಅಂತ ಯಾವಾಗ ಹೇಳೇನಿ?" ಭಾರ ಈ ತ್ರಿಕೋಣದ ಒಳಗೆ ಬಿದ್ದರೆ ನಿಲ್ಲುತ್ತದೆ, ಹೊರಗೆ ಬಿದ್ದರೆ ಬೀಳುತ್ತದೆ. ಸಮಬಾಹು ತ್ರಿಕೋಣದೊಳಗೆ ಹಿಡಿಸುವ ವೃತ್ತದ ತ್ರಿಜ್ಯ, ನಡುವಿನಿಂದ ಕಾಲಿಗಿರುವ ದೂರದ ಅರ್ಧ ಮಾತ್ರ. ನನ್ನ ಕಾಲುಗಳು ನಡುವಿನಿಂದ ಏಳು ಇಂಚು ದೂರ ಇದ್ದವು. ಅಂದರೆ ನಂಬಬಹುದಾದ ಜಾಗ ಮೂರೂವರೆ ಇಂಚು. ಅವ್ವನ ರೊಟ್ಟಿ ಹತ್ತು ಇಂಚಿನದು, ನಡುವಿನಿಂದ ಅಂಚಿಗೆ ಐದು. ಅಂಚು ಬಡಿಯುವಾಗೆಲ್ಲ ಕೈ ತ್ರಿಕೋಣದ ಗೆರೆ ದಾಟುತ್ತಿತ್ತು. ಮೊದಲ ಎರಡು ರೊಟ್ಟಿಗೆ ಅದು ಹೇಗೆ ನಿಂತಿತೋ ಅದೇ ಆಶ್ಚರ್ಯ.

ಕಾಲುಗಳನ್ನು ಹೊರಗೆ ಚಾಚಿ, ಪಾದ ಹನ್ನೆರಡು ಇಂಚು ದೂರಕ್ಕೆ ಹೋಗುವಂತೆ ಮತ್ತೆ ಮಾಡಿದೆ. ಈಗ ಆರು ಇಂಚು ಭದ್ರ, ರೊಟ್ಟಿ ಇಡಿಯಾಗಿ ಒಳಗೆ. ಓರೆ ಕಾಲಿಗೆ ಓರೆ ತೂತು ಕೊರೆಯುವಷ್ಟರಲ್ಲಿ ಎರಡು ಹಲಗೆ ಹಾಳಾದವು. ಹಲಗೆಯ ದುಡ್ಡು ಸರ್ ಜೇಬಿನಿಂದ ಹೋಯಿತು ಅಂತ ನನ್ನ ಗುಮಾನಿ, ಕೇಳಲು ಧೈರ್ಯ ಇರಲಿಲ್ಲ.

ಇನ್ನೊಂದು ದಿನದ ನೆನಪು. ಸರ್ ನಮ್ಮನ್ನು ಕಾರವಾರ ರಸ್ತೆಯ ಬಸ್ಸಿನಲ್ಲಿ ಕಲಘಟಗಿಗೆ ಕರೆದೊಯ್ದರು. ಕಲಘಟಗಿ ತೊಟ್ಟಿಲು ಗೊತ್ತಲ್ಲ, ಸಾಗವಾನಿಯದು, ಅರಗಿನ ಬಣ್ಣ, ಸುತ್ತ ಪುರಾಣದ ಚಿತ್ರ. ನಾವು ಚಿತ್ರ ನೋಡುತ್ತ ನಿಂತಾಗ ಸರ್ ತಲೆ ಎತ್ತಿ ಹಗ್ಗ ನೋಡುತ್ತಿದ್ದರು. "ನೆಲಾ ಹೆಂಗರ ಇರಲಿ, ಇದಕ್ಕೇನ್ ಆಗಬೇಕು? ತೊಲಿಗೆ ತೂಗ ಹಾಕ್ಯಾರ. ಕಾಲೇ ಇಲ್ಲ, ಜಗಳನೂ ಇಲ್ಲ." ವಾಪಸ್ ಬರುವಾಗ ಬಸ್ಸಿನಲ್ಲಿ ಹೊರಸಿನ ಮಾತು ತೆಗೆದರು. ಹೊರಸಿಗೆ ನಾಲ್ಕು ಕಾಲು, ಆದರೂ ಯಾಕೆ ಟಕ್ ಟಕ್ ಅನ್ನುವುದಿಲ್ಲ? ಹಗ್ಗದ ಬಿಗಿಯಲ್ಲಿ ಚೌಕಟ್ಟು ಸ್ವಲ್ಪ ತಿರುಚಿಕೊಂಡು ನೆಲಕ್ಕೆ ಹೊಂದಿಕೊಳ್ಳುತ್ತದೆ. ಕಲಘಟಗಿಯಿಂದ ಹುಬ್ಬಳ್ಳಿ ತನಕ ಇದೇ.

ಕಟ್ಟಿಗೆಯ ಮನುಷ್ಯ, ಪ್ಲಾಸ್ಟಿಕ್ ಕಂಡರೆ ಮುಖ ಸಿಂಡರಿಸುತ್ತಾರೆ ಅಂತ ನಮ್ಮ ಎಣಿಕೆ. ಕೊನೆಯ ವರ್ಷದ ಗ್ಯಾದರಿಂಗಿಗೆ ಶಾಮಿಯಾನಾದವರು ಬಿಳಿ ಪ್ಲಾಸ್ಟಿಕ್ ಖುರ್ಚಿ ತಂದು ಹಾಕಿದರು. ಆಗ ಅದು ಹೊಸತು. ಸರ್ ಒಂದನ್ನು ತಿರುವಿ ಹಾಕಿ ಅಡಿಯ ಪಟ್ಟಿಗಳನ್ನು ಸವರುತ್ತ ಕೂತುಬಿಟ್ಟರು, ಸ್ಟೇಜಿನ ಮೇಲೆ ಅತಿಥಿ ಭಾಷಣ ಮಾಡುತ್ತಿದ್ದರೂ. ಒಂದೇ ತುಂಡು, ಒಂದು ಮೊಳೆಯಿಲ್ಲ. ಪಾಲಿಪ್ರೊಪಿಲೀನ್ ಕಾಳನ್ನು ಸುಮಾರು 220 ಡಿಗ್ರಿಗೆ ಕರಗಿಸಿ ಅಚ್ಚಿಗೆ ಒತ್ತಿದರೆ ಹೆಚ್ಚುಕಡಿಮೆ ನಿಮಿಷಕ್ಕೊಂದು ಖುರ್ಚಿ ಅಂತ ನಾನು ಕಲಿತದ್ದು ಮುಂದೆ. ಅವರು ಅವತ್ತು ಹೇಳಿದ್ದು ಇಷ್ಟೇ: "ಕಾಲು ಬಾಗತಾವ ನೋಡು. ಇದಕ್ಕೂ ನಮ್ಮ ನೆಲಾ ನಡೀತೈತಿ."

ಡಿಪ್ಲೊಮಾ ಮುಗಿಸಿ ನಾನು ಬೆಂಗಳೂರು ಸೇರಿದೆ. ಮೊದಲು ಡ್ರಾಫ್ಟ್ಸ್‌ಮನ್, ಆಮೇಲೆ ಪೀಠೋಪಕರಣಗಳ ಡಿಸೈನ್. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯನ್ನು ಅಲ್ಲಿ ಓದಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದೇ ವರದಿಯ ಬಲದಿಂದ. ಅದರಲ್ಲಿ ಅವರು ಎಲ್ಲಕ್ಕಿಂತ ಹೆಚ್ಚು ಕೊಂಡಾಡಿದ್ದು ನಮ್ಮ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ, ತುಂಬಿದಾಗ ತೂಕ ಎಲ್ಲಿ, ಖಾಲಿಯಾದಾಗ ಎಲ್ಲಿ, ತಲೆಯ ಮೇಲೋ ಸೊಂಟದ ಮೇಲೋ ಅಂತ ಪ್ರಶ್ನೆಗಳ ಸಾಲೇ ಇದೆ. ಓದುವಾಗ ನನ್ನ ಕಿವಿಯಲ್ಲಿ ಅದೆಲ್ಲ ಧಾರವಾಡ ಕನ್ನಡದಲ್ಲೇ ಕೇಳಿಸಿತು.

ಅದೇ ಬೆಂಗಳೂರಿನ ಒಂದು ಕಂಪನಿಯಲ್ಲಿ ಬಿಚ್ಚಿ ಕಳಿಸುವ ಊಟದ ಖುರ್ಚಿ ಮಾಡಿದೆವು. ಬೆಂಗಳೂರಿನ ಫ್ಲಾಟುಗಳಲ್ಲಿ ಚೆನ್ನಾಗಿ ಓಡಿತು. ಹುಬ್ಬಳ್ಳಿ, ಗದಗಿನಿಂದ ಒಂದೊಂದಾಗಿ ವಾಪಸ್ ಬರತೊಡಗಿತು. ಅಲ್ಲಾಡುತ್ತದೆ ಅನ್ನುವುದೇ ದೂರು. ಪ್ರತಿ ಕಾಲಿಗೂ ತಿರುಗಿಸಿ ಎತ್ತರ ಹೊಂದಿಸುವ ಒಂದು ಸ್ಕ್ರೂ ಹಾಕೋಣ ಅಂದೆ. ಗಿರಾಕಿಯ ನೆಲ ನಮ್ಮ ಜವಾಬ್ದಾರಿಯಲ್ಲ ಅಂದರು. ನಾನು ಆ ಕೆಲಸ ಬಿಡಲು ಬೇರೆ ಕಾರಣಗಳೂ ಇದ್ದವು, ಇದೂ ಒಂದು.

2011ರಲ್ಲಿ ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ವಿಟ್ರಾ ಡಿಸೈನ್ ಮ್ಯೂಸಿಯಂ ನೋಡುವ ಅವಕಾಶ ಸಿಕ್ಕಿತು. ನಮ್ಮ ಶೆಡ್ಡಿನ ಮೂಲೆಯಲ್ಲಿ ಯಾವುದೋ ಹೋಟೆಲ್ ಲಿಲಾವಿನಿಂದ ಬಂದ, ಬೆತ್ತ ಹರಿದ, ಬಾಗಿದ ಕಟ್ಟಿಗೆಯ ಖುರ್ಚಿ ಒಂದಿತ್ತು, ಆ ಜಾತಿಯ ಮೂಲಪುರುಷನ ಹೆಸರು ಮೈಕೆಲ್ ಥೋನೆಟ್ ಅಂತ ನನಗೆ ಆ ಹೊತ್ತಿಗೆ ಗೊತ್ತಿತ್ತು. 1859ರ ಅವನ 14ನೇ ನಂಬರಿನ ಖುರ್ಚಿ ಅಂದರೆ ಹಬೆಯಲ್ಲಿ ಬೇಯಿಸಿ ಬಗ್ಗಿಸಿದ ಬೀಚ್ ಮರದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್. ಬಿಚ್ಚಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಖುರ್ಚಿ ಹಿಡಿಸುತ್ತಿದ್ದವು. ಬಿಚ್ಚಿ ಕಳಿಸುವುದು ನಮ್ಮ ಕಾಲದ ಜಾಣತನ ಅಂತ ತಿಳಿದ ನನ್ನ ಹಳೆಯ ಮಾಲೀಕರು ನೆನಪಾದರು.

ಅಲ್ಲಿನ ಅಂಗಡಿಯಲ್ಲಿ ಫಿನ್ಲೆಂಡಿನ ಆಲ್ವಾರ್ ಆಲ್ಟೊ 1933ರಲ್ಲಿ ಮಾಡಿದ ಸ್ಟೂಲು ಇತ್ತು. ಮೂರು ಕಾಲು! ಬರ್ಚ್ ಮರದ ಕಾಲಿನ ತುದಿಯನ್ನು ಎಳೆ ಎಳೆಯಾಗಿ ಸೀಳಿ, ಸೀಳಿನಲ್ಲಿ ತೆಳು ಪದರು ಅಂಟಿಸಿ, ಲಂಬಕೋನಕ್ಕೆ ಬಗ್ಗಿಸಿ ಹಲಗೆಯ ಅಡಿಗೆ ಕೂಡಿಸಿದ್ದಾರೆ. ಒಂದರ ಮೇಲೊಂದು ಪೇರಿಸಿದರೆ ಕಾಲುಗಳು ಸುರುಳಿ ಮೆಟ್ಟಿಲಿನಂತೆ ತಿರುಗುತ್ತ ಹೋಗುತ್ತವೆ. ಕಣ್ಣು ತುಂಬ ನೋಡಿದೆ. ಆಮೇಲೆ ಬೇಕೆಂದೇ ಎರಡು ಕಾಲುಗಳ ನಡುವಿನ ಅಂಚಿಗೆ ಕೂತೆ. ಓಲಿತು. ಅಂಗಡಿಯ ಹುಡುಗಿ ಗಾಬರಿಯಾದಳು, ನಾನು ನಗುತ್ತಿದ್ದೆ. ಆಲ್ಟೊ ಆಮೇಲೆ ನಾಲ್ಕು ಕಾಲಿನದನ್ನೂ ಮಾಡಿದರಂತೆ. ಅವರ ಮನೆಯಲ್ಲೂ ಯಾರೋ ಬಿದ್ದಿರಬೇಕು.

ಸರ್ ಬಂದ ದಿನದ ಮಾತು ಬಿಟ್ಟೇಹೋಯಿತು. ಎರಡನೇ ಮುಕ್ಕಾಲಿಗೆ ಒಂದು ತಿಂಗಳು ತುಂಬಿದ ಭಾನುವಾರ ಪ್ಯಾಸೆಂಜರಿನಿಂದ ಇಳಿದು, ಕೇಳಿಕೊಂಡು ಕೇಳಿಕೊಂಡು ನಮ್ಮ ಮನೆಗೆ ಬಂದರು. ಚಹಾ ಆಮೇಲೆ ಅಂದು ನೇರ ಅಡುಗೆಮನೆಗೆ ನಡೆದರು. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಏಳಬ್ಯಾಡ್ರಿ ಅಕ್ಕಾರ, ನೀವು ರೊಟ್ಟಿ ಮಾಡ್ರಿ. ನಾ ನೋಡಾಕ ಬಂದೇನಿ."

ನಾಲ್ಕು ರೊಟ್ಟಿ ಆಗುವ ತನಕ ಮಾತಿಲ್ಲದೆ ನೋಡಿದರು. ಚಾಚಿದ ಕಾಲಿಗೆ ಹೆಬ್ಬೆರಳು ತಾಗುತ್ತದೆ ಅಂತ ಅವ್ವ ದೂರು ಹೇಳಿದಳು, ಅದನ್ನು ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಬಗ್ಗಿ ಕಾಲಿನ ಬುಡ ನೋಡಿದರು. ಮೂರೂ ಕಾಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಾರದಿಂದ ಬಿಗಿದಿತ್ತು. ನಾನು ನೋಡಿಯೇ ಇರಲಿಲ್ಲ.

"ಇದೇನ್ರಿ?"

"ಬಡಿಯುವಾಗ ಜರೀತಿತ್ರಿ ಸರ. ಹಿಂಗ ಕಟ್ಟೇನಿ. ತಪ್ಪ ಆತೇನ್ರಿ?"

ಸರ್ ನನ್ನ ಕಡೆ ತಿರುಗಿದರು. "ಹತ್ತಕ್ಕ ಎಂಟು. ಅದರಾಗ ಮೂರು ನಿಮ್ಮವ್ವಂದು."

ಆ ಮುಕ್ಕಾಲಿ ಈಗ ಗದಗಿನಲ್ಲಿ ತಂಗಿಯ ಮನೆಯಲ್ಲಿದೆ. ಟ್ಯೂಬು ನಾಲ್ಕು ಸಲ ಬದಲಾಗಿದೆ, ಈಗಿರುವುದು ಸ್ಕೂಟರಿನದು.